ಕಂಪನಿಯ ಪೂರ್ವಾಪರ ತಿಳಿಯುವುದು ಹೇಗೆ?

ಕಳೆದ ದೀಪಾವಳಿಗೆ ಮುಂಚಿನ ಒಂದು ಶನಿವಾರ, ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ, ಯಾದಗಿರಿ ಕಡೆಯ ತರುಣನೊಬ್ಬ ಮೊಬೈಲು ಹಿಡಿದುಕೊಂಡು ಬಂದನು. ಇಲ್ಲಿಯೇ ಗಚ್ಚಿಬೌಲಿಯ ಒಂದು ಎತ್ತರದ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುವವನು, ಪಿ.ಯು.ಸಿ. ಪಾಸಾದವನು. ಕಂಪ್ಯೂಟರಿನಲ್ಲಿ ವಿವರ ತುಂಬುವ ಕೆಲಸ, ತಿಂಗಳಿಗೆ 24,000 ರೂಪಾಯಿ ಸಂಬಳ ಎಂದು ಒಂದು ಕಂಪನಿಯಿಂದ ಅವನಿಗೆ ನೇಮಕದ ಪತ್ರ ಬಂದಿತ್ತು. ಸೋಮವಾರದೊಳಗೆ ಲ್ಯಾಪ್‌ಟಾಪಿನ ಠೇವಣಿಯೆಂದು 12,500 ರೂಪಾಯಿ ಕಟ್ಟತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಹಣವನ್ನು ಊರಿನಿಂದ ಸಾಲ ಮಾಡಿ ತರಿಸಿಕೊಂಡಿದ್ದನು.

“ಅಣ್ಣಾರ, ಈ ಕಂಪನಿ ಖರೆ ಅದನೋ ಇಲ್ಲೋ ಸ್ವಲ್ಪ ನೋಡ್ರಿ. ನಾನೂ ಗೂಗಲ್‌ದಾಗ ಹೊಡ್ದು ನೋಡೀನಿ, ಎಲ್ಲಕ್ಕಿಂತ ಮ್ಯಾಲ ಇದೇ ಬರ್ತದ” ಎಂದನು.

ಎಲ್ಲಕ್ಕಿಂತ ಮೇಲೆ ಬರುತ್ತದೆ, ಆದುದರಿಂದ ನಿಜವಿರಬೇಕು ಎಂಬುದು ಅವನ ನಂಬಿಕೆ. ನಾವು ಅವನನ್ನು ನೋಡಿ ನಗಲಿಲ್ಲ. ಏಕೆಂದರೆ 2022ರಲ್ಲಿ ನಾವೇ ಇದೇ ನಂಬಿಕೆಯಿಂದ 4,800 ರೂಪಾಯಿ ಕಳೆದುಕೊಂಡಿದ್ದೇವೆ. ಊರಿಗೆ ಕಳಿಸಿದ ಒಂದು ಪಾರ್ಸಲು ತಲುಪಲಿಲ್ಲವೆಂದು ಸಾಗಣೆಯವರ ಫೋನ್ ನಂಬರನ್ನು ಗೂಗಲಿನಲ್ಲಿ ಹುಡುಕಿ, ಮೊದಲು ಸಿಕ್ಕಿದ್ದಕ್ಕೆ ಮಾತಾಡಿದೆವು. ಆ ಕಡೆಯಿದ್ದವನು ಬಹಳ ಮರ್ಯಾದೆಯಿಂದ ಮಾತನಾಡಿ, ಐದು ರೂಪಾಯಿ ಕಟ್ಟಿರೆಂದು ಹೇಳಿ, ಖಾತೆಯನ್ನೇ ಬರಿದು ಮಾಡಿದನು. ಲೆಕ್ಕ ಬರೆಯುವುದೇ ಕಸುಬಾದ ಗುಮಾಸ್ತರಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೆ ಬೇಕೆ? ಅಂದಿನಿಂದ ಈ ವಿಷಯವನ್ನು ಸ್ವಲ್ಪ ಶ್ರದ್ಧೆಯಿಂದ ಕಲಿತಿದ್ದೇವೆ. ನಾವು ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿದವರು, ಪಂಡಿತರಲ್ಲ. ತಿಳಿದಷ್ಟನ್ನು ವಾಚಕರ ಮುಂದೆ ಇಡುತ್ತೇವೆ.

ಹುಡುಕು ಯಂತ್ರವೆಂದರೆ ಏನು? ಜಗತ್ತಿನ ಕೋಟ್ಯಂತರ ಪುಟಗಳನ್ನು ಓದಿ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಟ್ಟುಕೊಂಡ ಒಂದು ದೊಡ್ಡ ಅನುಕ್ರಮಣಿಕೆ. ನಮ್ಮ ಕಪಾಟಿನ ಪುಸ್ತಕಗಳಿಗೆ ಒಂದು ರಿಜಿಸ್ಟರು ಇದೆಯಲ್ಲ, ಅದರ ಹಾಗೆ. ಪುಸ್ತಕ ಎಲ್ಲಿದೆ ಎಂದು ರಿಜಿಸ್ಟರು ಹೇಳುತ್ತದೆ. ಪುಸ್ತಕದೊಳಗೆ ಬರೆದಿರುವುದು ನಿಜವೇ ಎಂದು ಹೇಳುವುದಿಲ್ಲ. 1998ರಲ್ಲಿ ಗೂಗಲ್ ಕಂಪನಿ ಆರಂಭವಾದಾಗ ಅದರ ಹೆಚ್ಚುಗಾರಿಕೆಯೇನೆಂದರೆ, ಹೆಚ್ಚು ಪುಟಗಳು ಯಾವ ಪುಟದ ಕಡೆಗೆ ಕೈತೋರಿಸುತ್ತವೆಯೋ ಅದನ್ನು ಮುಂದಕ್ಕೆ ತಂದಿತು. ಇದು ಜಾಣತನದ ಉಪಾಯವೇ. ಆದರೆ ಆ ಕಂಪನಿಯ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ. ಪಟ್ಟಿಯ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಸ್ಪಾನ್ಸರ್ಡ್’ ಅಥವಾ ‘ಪ್ರಾಯೋಜಿತ’ ಎಂದು ಬರೆದ ಸಾಲುಗಳೆಲ್ಲ ಹಣ ಕೊಟ್ಟು ಹಾಕಿಸಿದವು. ಆ ತರುಣ ನೋಡಿದ್ದು ಅಂಥದೇ ಒಂದು ಸಾಲು. ಈಚೆಗಂತೂ ಯಂತ್ರವು ತಾನೇ ಹತ್ತು ಪುಟಗಳಿಂದ ಹೆಕ್ಕಿ ಒಂದು ಸಾರಾಂಶವನ್ನೂ ಬರೆದುಕೊಡುತ್ತದೆ. ಓದಲು ಸೊಗಸು. ಆದರೆ ಕಂಪನಿಯವನು ತನ್ನನ್ನು ತಾನೇ ಹೊಗಳಿಕೊಂಡ ಪುಟದಿಂದ ಹೆಕ್ಕಿದರೆ ಆ ಸಾರಾಂಶವೂ ಹೊಗಳಿಕೆಯೇ ಆಗಿರುತ್ತದೆ.

ಹಾಗೆಂದು ಹುಡುಕುವುದನ್ನು ಬಿಡಬೇಕಾಗಿಲ್ಲ. ಕೇಳುವ ರೀತಿಯನ್ನು ಕಲಿಯಬೇಕು. ಕಂಪನಿಯ ಪೂರ್ತಿ ಹೆಸರನ್ನು ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕಿ ಹೊಡೆದರೆ, ಆ ಮಾತುಗಳು ಅದೇ ಕ್ರಮದಲ್ಲಿರುವ ಪುಟಗಳೇ ಹೆಚ್ಚಾಗಿ ಬರುತ್ತವೆ. ಅದರ ಜೊತೆಗೆ ‘ಕಂಪ್ಲೇಂಟ್’, ‘ಫ್ರಾಡ್’, ‘ರಿಫಂಡ್’ ಎಂಬ ಇಂಗ್ಲಿಷ್ ಮಾತುಗಳನ್ನು ಒಂದೊಂದಾಗಿ ಸೇರಿಸಿ ನೋಡಬೇಕು. ಬೇಡದ ಮಾತಿನ ಹಿಂದೆ ಅಂಟಿಸಿದಂತೆ ಒಂದು ವ್ಯವಕಲನ ಚಿಹ್ನೆ ಇಟ್ಟರೆ ಆ ಮಾತುಳ್ಳ ಪುಟಗಳು ಹೊರಗುಳಿಯುತ್ತವೆ. ‘ಸೈಟ್’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕೆ ಇಟ್ಟು, ಬಿಡುವು ಕೊಡದೆ ‘ಜಿಒವಿ ಡಾಟ್ ಇನ್’ ಎಂದು ಬರೆದರೆ ಸರ್ಕಾರಿ ಪುಟಗಳಲ್ಲಿ ಮಾತ್ರ ಹುಡುಕುತ್ತದೆ. ಈ ವಿಳಾಸವನ್ನು ಸರ್ಕಾರದ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ. ಅದು ವಿಳಾಸದ ತುದಿಯಲ್ಲಿರಬೇಕು ಎಂಬುದನ್ನು ಮಾತ್ರ ಮರೆಯಬಾರದು. ನಡುವೆ ತುರುಕಿ ಮೋಸ ಮಾಡುವವರಿದ್ದಾರೆ. ನಮ್ಮ ನುಡಿಯಲ್ಲಿ ಕೇಳಬಹುದೇ? ಧಾರಾಳವಾಗಿ ಕೇಳಬಹುದು, ಬಾಯಿಮಾತಿನಲ್ಲೂ ಕೇಳಬಹುದು. ಆದರೆ ಕಂಪನಿಗಳ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ, ಹೆಸರನ್ನು ಮಾತ್ರ ಪತ್ರದಲ್ಲಿರುವಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕಾಗುತ್ತದೆ.

ಆ ಸಂಜೆ ಇಷ್ಟೆಲ್ಲ ಮಾಡಿದರೂ ನಮಗೆ ಆ ಕಂಪನಿಯ ಮೇಲೆ ಒಂದು ದೂರೂ ಸಿಗಲಿಲ್ಲ. ತರುಣನ ಮುಖ ಅರಳಿತು. ಆದರೆ ದೂರು ಇಲ್ಲದಿರುವುದು ಒಳ್ಳೆಯ ಕಂಪನಿಗೂ ಸಾಧ್ಯ, ನಿನ್ನೆ ಹುಟ್ಟಿದ ಕಂಪನಿಗೂ ಸಾಧ್ಯ. ಜಾಲತಾಣದ ಹೆಸರು ಎಂದು ನೋಂದಣಿಯಾಯಿತೆಂದು ತೋರಿಸುವ ‘ಹೂ-ಈಸ್’ ಎಂಬ ಸೇವೆಯಿದೆ; ಅದಕ್ಕೆ ಹಣವಿಲ್ಲ. ಅಲ್ಲಿ ನೋಡಿದರೆ, ‘ಹದಿನೈದು ವರ್ಷಗಳ ಅನುಭವ’ವೆಂದು ಬರೆದುಕೊಂಡಿದ್ದ ಕಂಪನಿಯ ಜಾಲತಾಣಕ್ಕೆ ಐದು ವಾರ ತುಂಬಿರಲಿಲ್ಲ!

ಇಲ್ಲಿಗೆ ಹೆಸರಿನ ಹುಡುಕಾಟ ಮುಗಿಯಿತು. ಇನ್ನು ನಂಬರಿನ ಹುಡುಕಾಟ. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಬಣ್ಣದ ಚಿತ್ರ ಹಾಕಬಹುದು, ಹೊಗಳಿಕೆ ಬರೆಸಬಹುದು. ನಂಬರನ್ನು ಕೊಡುವುದು ಸರ್ಕಾರ, ಮತ್ತು ಅದನ್ನು ಸರ್ಕಾರದ ಪುಸ್ತಕದಲ್ಲೇ ತಾಳೆ ನೋಡಬಹುದು. ಗಿರಣಿಯಲ್ಲಿ ನಾವು ಲಾರಿಯ ಚೀಟಿಯನ್ನು ತೂಕದ ಚೀಟಿಗೆ ತಾಳೆ ನೋಡುವುದಿಲ್ಲವೇ, ಹಾಗೆಯೇ.

ಪತ್ರದ ಕೆಳಗೆ ಒಂದು ಜಿಎಸ್‌ಟಿ ನಂಬರು ಅಚ್ಚಾಗಿತ್ತು. ಜಿಎಸ್‌ಟಿ 2017ರ ಜುಲೈ 1ರಿಂದ ಜಾರಿಯಲ್ಲಿದೆ. ಈ ನಂಬರಿನಲ್ಲಿ ಅಂಕಿ ಅಕ್ಷರ ಸೇರಿ 15 ಸ್ಥಾನಗಳು. ಮೊದಲ ಎರಡು ಅಂಕಿ ರಾಜ್ಯದ್ದು: ತೆಲಂಗಾಣಕ್ಕೆ 36, ಕರ್ನಾಟಕಕ್ಕೆ 29, ಆಂಧ್ರಕ್ಕೆ 37. ಮುಂದಿನ ಹತ್ತು ಸ್ಥಾನ ಆ ವ್ಯಾಪಾರಿಯ ಪ್ಯಾನ್ ನಂಬರು. ಪ್ಯಾನಿನ ನಾಲ್ಕನೆಯ ಅಕ್ಷರ, ಎಂದರೆ ಜಿಎಸ್‌ಟಿ ನಂಬರಿನ ಆರನೆಯ ಸ್ಥಾನ, ಬಹಳ ಮಾತನಾಡುತ್ತದೆ. ಅದು ‘ಸಿ’ ಆದರೆ ಕಂಪನಿ, ‘ಎಫ್’ ಆದರೆ ಪಾಲುದಾರಿಕೆಯ ಸಂಸ್ಥೆ, ‘ಪಿ’ ಆದರೆ ಒಬ್ಬ ವ್ಯಕ್ತಿ. ನಮ್ಮ ತರುಣನ ಪತ್ರದಲ್ಲಿ ವಿಳಾಸ ಗಚ್ಚಿಬೌಲಿಯದು; ನಂಬರು ಆರಂಭವಾಗುವುದು 09ರಿಂದ, ಎಂದರೆ ಉತ್ತರ ಪ್ರದೇಶ. ಬೇರೆ ರಾಜ್ಯದಲ್ಲಿ ಮುಖ್ಯ ಕಚೇರಿಯಿರುವವರು ಅಲ್ಲಿಯ ನಂಬರನ್ನು ಅಚ್ಚು ಹಾಕಿಸುವುದುಂಟು; ಇದರಿಂದಲೇ ಕಳ್ಳರೆನ್ನಲಾಗದು. ಆದರೆ ‘ಪ್ರೈವೇಟ್ ಲಿಮಿಟೆಡ್’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಂಡವರ ನಂಬರಿನ ಆರನೆಯ ಸ್ಥಾನದಲ್ಲಿ ‘ಪಿ’ ಇತ್ತು. ಕಂಪನಿಗೆ ವ್ಯಕ್ತಿಯ ಪ್ಯಾನು ಹೇಗೆ ಬಂತು?

ಜಿಎಸ್‌ಟಿಯ ಸರ್ಕಾರಿ ತಾಣದಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ ಎಂಬ ಒಂದು ಕಡೆಯಿದೆ. ಹೆಸರು ನೋಂದಾಯಿಸದೆ, ಕಾಸು ಕೊಡದೆ, ಯಾರು ಬೇಕಾದರೂ ಅಲ್ಲಿ ನಂಬರು ಹೊಡೆದು ನೋಡಬಹುದು. ಕಾನೂನಿನ ಪ್ರಕಾರದ ಹೆಸರು, ಅಂಗಡಿಯ ಹೆಸರು, ನೋಂದಣಿಯ ತಾರೀಖು, ಮುಖ್ಯ ಸ್ಥಳ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಲ್ಲವೂ ಬರುತ್ತದೆ. ಹೊಡೆದೆವು. ಬಂದದ್ದು ಒಂದು ಹಾಸಿಗೆ ದಿಂಬಿನ ಅಂಗಡಿ! ನೋಂದಣಿ ರದ್ದಾಗಿ ಕೆಲವು ವರ್ಷಗಳೇ ಆಗಿದ್ದವು. ಪಾಪ, ಆ ಅಂಗಡಿಯವನಿಗೆ ತನ್ನ ನಂಬರು ಇಲ್ಲಿ ನೌಕರಿ ಕೊಡುತ್ತಿದೆಯೆಂದು ಗೊತ್ತಿರಲಾರದು.

ಕಂಪನಿಗೆ ಇನ್ನೊಂದು ನಂಬರು ಇರಲೇಬೇಕು; ಅದಕ್ಕೆ ಸಿಐಎನ್ ಎನ್ನುತ್ತಾರೆ. 21 ಸ್ಥಾನಗಳು. ಮೊದಲಕ್ಷರ ‘ಎಲ್’ ಆದರೆ ಷೇರುಪೇಟೆಯಲ್ಲಿರುವ ಕಂಪನಿ, ‘ಯು’ ಆದರೆ ಇಲ್ಲದ್ದು. ನಡುವೆ ರಾಜ್ಯದ ಎರಡಕ್ಷರವೂ ಅದರ ಹಿಂದೆಯೇ ಕಂಪನಿ ಹುಟ್ಟಿದ ಇಸವಿಯೂ ಬರುತ್ತವೆ. 2013ರ ಕಂಪನಿ ಕಾನೂನಿನಂತೆ ಪ್ರತಿಯೊಂದು ಕಂಪನಿಯೂ ತನ್ನ ಪತ್ರ, ಬಿಲ್ಲುಗಳ ಮೇಲೆ ಈ ನಂಬರನ್ನೂ ನೋಂದಾಯಿತ ಕಚೇರಿಯ ವಿಳಾಸವನ್ನೂ ಅಚ್ಚು ಹಾಕಿಸಬೇಕು. ಕಂಪನಿ ವ್ಯವಹಾರಗಳ ಮಂತ್ರಾಲಯದ ತಾಣದಲ್ಲಿ, ಎಂದರೆ ‘ಎಂಸಿಎ ಡಾಟ್ ಜಿಒವಿ ಡಾಟ್ ಇನ್’ನಲ್ಲಿ, ‘ಮಾಸ್ಟರ್ ಡೇಟಾ’ ಎಂಬ ಭಾಗವನ್ನು ತೆರೆದರೆ ಕಂಪನಿಯ ಹುಟ್ಟಿದ ದಿನ, ಪಾವತಿಯಾದ ಬಂಡವಾಳ, ಕೊನೆಯ ಜಮಾಖರ್ಚಿನ ತಾರೀಖು, ನಿರ್ದೇಶಕರ ಹೆಸರು, ಸ್ಥಿತಿ ಇಷ್ಟೂ ಕಾಣುತ್ತವೆ. ಒಳಹೋಗಲು ಹೆಸರು ನೋಂದಾಯಿಸಿರೆಂದು ಕೇಳಿದರೆ ನೋಂದಾಯಿಸಿಕೊಳ್ಳಿರಿ, ಅದಕ್ಕೆ ಶುಲ್ಕವಿಲ್ಲ. ಕಂಪನಿ ಸಲ್ಲಿಸಿದ ಮೂಲ ಕಾಗದಗಳನ್ನೇ ನೋಡಬೇಕಾದರೆ ಮಾತ್ರ ಶುಲ್ಕ ಕಟ್ಟಬೇಕು. ‘ಸ್ಟ್ರೈಕ್ ಆಫ್’ ಎಂದಿದ್ದರೆ ಆ ಕಂಪನಿಯ ಹೆಸರನ್ನು ಪುಸ್ತಕದಿಂದ ಹೊಡೆದು ಹಾಕಿದ್ದಾರೆಂದು ಅರ್ಥ. ‘ನೂರಾರು ಕೋಟಿಯ ಸಂಸ್ಥೆ’ ಎಂದು ಹೇಳಿಕೊಳ್ಳುವವರ ಬಂಡವಾಳ ಒಂದು ಲಕ್ಷವೆಂದು ಬಂದರೆ ಸ್ವಲ್ಪ ತಡೆದು ಯೋಚಿಸುವುದು ಮೇಲು. ತರುಣನ ಪತ್ರದಲ್ಲಿ ಈ ನಂಬರೇ ಇರಲಿಲ್ಲ. ಹೆಸರಿನಿಂದ ಹುಡುಕಿದಾಗ ಅದನ್ನು ಹೋಲುವ ಇನ್ನೊಂದು ಕಂಪನಿ ಸಿಕ್ಕಿತು. ಒಂದೇ ಅಕ್ಷರದ ವ್ಯತ್ಯಾಸ. ಅದರ ಎದುರಿಗೆ ‘ಸ್ಟ್ರೈಕ್ ಆಫ್’ ಎಂದಿತ್ತು.

ಈಗಾಗಲೇ ಕೆಲಸದಲ್ಲಿರುವವರು ನೋಡಬೇಕಾದ ಪುಸ್ತಕ ಬೇರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನುಗಳಲ್ಲಿ ನಮ್ಮವರು ಬಹುಪಾಲು ಗುತ್ತಿಗೆದಾರರ ಕೈಕೆಳಗೆ ದುಡಿಯುವವರು. ಸಂಬಳದಿಂದ ನೂರಕ್ಕೆ 12ರಂತೆ ಭವಿಷ್ಯನಿಧಿಗೆಂದು ಹಿಡಿಯುತ್ತಾರೆ. ಮಾಲೀಕನೂ ಅಷ್ಟೇ ಸೇರಿಸಿ ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕಟ್ಟಬೇಕು. ಕಟ್ಟಿದ್ದಾನೋ ಇಲ್ಲವೋ ಎಂದು ಅವನನ್ನೇ ಕೇಳಿದರೆ ಏನು ಹೇಳುತ್ತಾನೆಂದು ನಾವು ಬರೆಯಬೇಕಾಗಿಲ್ಲ. ಭವಿಷ್ಯನಿಧಿ ಸಂಘಟನೆಯ ತಾಣದಲ್ಲಿ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ ಎಂಬಲ್ಲಿ ಗುತ್ತಿಗೆದಾರನ ಸಂಸ್ಥೆಯ ಹೆಸರನ್ನೋ ಕೋಡ್ ನಂಬರನ್ನೋ ಹೊಡೆಯಿರಿ. ಯಾವ ತಿಂಗಳು ಎಷ್ಟು ಹಣ ಕಟ್ಟಿದ್ದಾನೆ, ಎಷ್ಟು ಜನರ ಲೆಕ್ಕಕ್ಕೆ ಕಟ್ಟಿದ್ದಾನೆ ಎಂದು ತಿಂಗಳುವಾರು ಕಾಣುತ್ತದೆ. ನೀವು ನೂರು ಜನ ಒಂದೇ ಸಮವಸ್ತ್ರ ಹಾಕಿಕೊಂಡು ನಿಂತಿರುವಲ್ಲಿ ಪುಸ್ತಕದಲ್ಲಿ ನಲವತ್ತೇ ಜನ ಇದ್ದರೆ, ಉಳಿದ ಅರವತ್ತರಲ್ಲಿ ನೀವಿದ್ದೀರೋ ಎಂದು ನಿಮ್ಮ ಯುಎಎನ್ ಪಾಸ್‌ಬುಕ್ ತೆಗೆದು ನೋಡಬೇಕು. ಈ ಒಂದು ಹುಡುಕಾಟವನ್ನು ಪ್ರತಿಯೊಬ್ಬ ವಾಚಕರೂ ಈ ವಾರವೇ ಮಾಡಬೇಕೆಂದು ನಮ್ಮ ವಿನಂತಿ. ಉಳಿದದ್ದನ್ನು ಮರೆತರೂ ಚಿಂತೆಯಿಲ್ಲ.

ಗುಮಾಸ್ತ ಮಿತ್ರರಿಗೆ ಒಂದು ಮಾತು. ನಾವು ಲೆಕ್ಕ ಬರೆಯುವುದು ಬೇಳೆ ಗಿರಣಿಯಲ್ಲಿ. 2023ರಲ್ಲಿ ಮಾಲೀಕರು ಅಂತರ್ಜಾಲದಲ್ಲಿ ಸಿಕ್ಕ ಒಬ್ಬ ವ್ಯಾಪಾರಿಯಿಂದ ಪ್ಲಾಸ್ಟಿಕ್ ಚೀಲಗಳನ್ನು ಕೊಂಡರು. ದರ ಕಡಿಮೆ, ಮಾಲೂ ಚೆನ್ನಾಗಿತ್ತು, ನಂಬರೂ ಚಾಲ್ತಿಯಲ್ಲಿತ್ತು. ಆದರೆ ಆತ ನಮ್ಮಿಂದ ತೆರಿಗೆ ವಸೂಲು ಮಾಡಿ ತನ್ನ ರಿಟರ್ನು ಸಲ್ಲಿಸಲೇ ಇಲ್ಲ. ಮಾರಿದವನು ತೋರಿಸದಿದ್ದರೆ ಕೊಂಡವನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಸುಮಾರು 31,000 ರೂಪಾಯಿ ನಮ್ಮ ಗಿರಣಿಯ ತಲೆಯ ಮೇಲೆ ಬಿತ್ತು, ಬೈಗುಳ ನಮ್ಮ ತಲೆಯ ಮೇಲೆ. ಮೇಲೆ ಹೇಳಿದ ಅದೇ ಜಿಎಸ್‌ಟಿ ಪುಟದಲ್ಲಿ, ಆ ವ್ಯಾಪಾರಿ ಯಾವ ತಿಂಗಳ ರಿಟರ್ನನ್ನು ಯಾವ ದಿನ ಸಲ್ಲಿಸಿದನೆಂಬ ಪಟ್ಟಿಯೂ ಇದೆ. ಅದನ್ನು ಮೊದಲೇ ನೋಡಿದ್ದರೆ ಆರು ತಿಂಗಳಿಂದ ಖಾಲಿಯಿದ್ದುದು ಕಾಣುತ್ತಿತ್ತು. ಈಗ ಹೊಸ ವ್ಯಾಪಾರಿಯ ಬಿಲ್ಲು ಬಂದರೆ ಆ ಪಟ್ಟಿಯನ್ನು ಅಚ್ಚು ತೆಗೆದು ಫೈಲಿಗೆ ಹಾಕಿದ ಮೇಲೆಯೇ ಹಣ ಕಳಿಸುತ್ತೇವೆ. ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗೆ ವ್ಯವಹಾರ ನಡೆಸುವ ಸಣ್ಣವರಲ್ಲಿ ಅನೇಕರಿಗೆ ಈ ನೋಂದಣಿ ಕಡ್ಡಾಯವಲ್ಲ ಎಂಬುದನ್ನೂ ಹೇಳಬೇಕು. ಚಹದ ಅಂಗಡಿಯವನಿಗೆ ನಂಬರು ಇಲ್ಲವೆಂದು ಸಂಶಯಪಡಬಾರದು. ನಂಬರು ಇಲ್ಲದವನು ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲು ಮಾಡಿದರೆ ಮಾತ್ರ ಕೇಳಬೇಕು.

ಊರಿನಲ್ಲಿ ತೊಗರಿ ಬೆಳೆಯುವ ಮನೆಯವರಿಗೂ ಇಂಥ ಒಂದು ಪುಸ್ತಕವಿದೆ. ‘ಅಗ್‌ಮಾರ್ಕ್‌ನೆಟ್’ ಎಂಬ ಕೇಂದ್ರ ಸರ್ಕಾರದ ತಾಣದಲ್ಲಿ ಕಲಬುರಗಿ, ರಾಯಚೂರು, ತಾಂಡೂರು ಮೊದಲಾದ ಮಾರುಕಟ್ಟೆಗಳ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ವ್ಯಾಪಾರವಾದ ದರವನ್ನು ಕ್ವಿಂಟಲಿನ ಲೆಕ್ಕದಲ್ಲಿ ಕೊಡುತ್ತಾರೆ. 2025-26ರ ತೊಗರಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಡತಿಯವನು ಫೋನಿನಲ್ಲಿ ಹೇಳಿದ ದರವನ್ನು ಅಪ್ಪನವರು ಒಪ್ಪುವ ಮೊದಲು ಇಲ್ಲಿಂದಲೇ ನೋಡಿ ಹೇಳಬಹುದು. ಇನ್ನು ಗಲ್ಫ್ ದೇಶಗಳಿಗೆ ಹೋಗುವ ಯೋಚನೆಯಿರುವವರು ‘ಇ-ಮೈಗ್ರೇಟ್’ ತಾಣದಲ್ಲಿ ಏಜೆಂಟನ ನೋಂದಣಿಯನ್ನು ನೋಡಿಯೇ ಪಾಸ್‌ಪೋರ್ಟು ಕೈಗೆ ಕೊಡಬೇಕು.

ಇಷ್ಟು ಓದಿದ ಮೇಲೆ, ಸರ್ಕಾರದ ಪುಸ್ತಕದಲ್ಲಿದ್ದದ್ದೆಲ್ಲ ಸತ್ಯವೆಂದು ಯಾರಾದರೂ ತಿಳಿದರೆ ಅದೂ ತಪ್ಪು. ನಮ್ಮ ಹೈದರಾಬಾದಿನಲ್ಲೇ 1987ರಲ್ಲಿ ಹುಟ್ಟಿದ ಸತ್ಯಂ ಕಂಪ್ಯೂಟರ್ಸ್ ಕಂಪನಿಯನ್ನು ನೆನೆಯಿರಿ. ಅದಕ್ಕೆ ಎಲ್ಲ ನಂಬರುಗಳೂ ಇದ್ದವು, ಲೆಕ್ಕ ಪರಿಶೋಧಕರ ಸಹಿಯಿತ್ತು. ಒಳ್ಳೆಯ ಆಡಳಿತಕ್ಕೆಂದು 2008ರಲ್ಲಿ ಬಹುಮಾನವೂ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರಾದ ರಾಮಲಿಂಗ ರಾಜು ಅವರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕಿನ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ತಿಳಿಸಿದರು. ಪುಸ್ತಕದಲ್ಲಿರುವುದು ಕಂಪನಿ ತಾನು ಹೇಳಿಕೊಂಡದ್ದು. ಹೇಳಿಕೊಳ್ಳಲೂ ಬಾರದವನನ್ನು ಅದು ಹಿಡಿದುಕೊಡುತ್ತದೆ. ಸುಳ್ಳನ್ನು ಅಚ್ಚುಕಟ್ಟಾಗಿ ಬರೆದವನನ್ನು ಹಿಡಿಯುವುದಿಲ್ಲ.

ಅಂಥ ಕಡೆ ಕೆಲಸಕ್ಕೆ ಬರುವುದು ಮನುಷ್ಯನ ಕಣ್ಣು. ಗಚ್ಚಿಬೌಲಿಯ ವಿಳಾಸಕ್ಕೆ ಈಗ ಒಂದು ಗೌರವವಿದೆ. ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ಎಂದರೆ ಊರಿನವರು ಕಣ್ಣರಳಿಸುತ್ತಾರೆ. ಆದರೆ ಒಂದೇ ಮಹಡಿಯಲ್ಲಿ ಮೇಜೊಂದರ ಬಾಡಿಗೆ ಕೊಟ್ಟು ಆ ವಿಳಾಸವನ್ನು ಹಾಕಿಕೊಳ್ಳುವವರು ಎಷ್ಟೋ ಜನ. ಅದರಲ್ಲಿ ಪ್ರಾಮಾಣಿಕರಾದ ಸಣ್ಣ ಉದ್ಯಮಿಗಳೂ ಇದ್ದಾರೆ, ನಾಳೆ ಮಾಯವಾಗುವವರೂ ಇದ್ದಾರೆ. ಇದನ್ನು ಯಂತ್ರ ಹೇಳಲಾರದು. ಆ ಕಟ್ಟಡದ ಗೇಟಿನಲ್ಲಿ ನಿಂತವನು ಹೇಳಬಲ್ಲ, ಲಿಫ್ಟು ನಡೆಸುವವನು ಹೇಳಬಲ್ಲ, ಕಸದ ಬುಟ್ಟಿ ಖಾಲಿ ಮಾಡುವವಳು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲಳು. ಅವರಲ್ಲಿ ಅನೇಕರು ನಮ್ಮ ವಾಚನಾಲಯಕ್ಕೆ ಬರುವವರೇ. ಆ ಸಂಜೆ ಪತ್ರಿಕೆ ಓದುತ್ತಿದ್ದ ರಾಯಚೂರಿನ ಹಿರಿಯರೊಬ್ಬರು ಆ ಕಟ್ಟಡದಲ್ಲಿಯೇ ರಾತ್ರಿ ಪಾಳಿಯ ಸೆಕ್ಯುರಿಟಿ. ವಿಳಾಸ ಕೇಳಿ ತಲೆಯೆತ್ತಿ, “ಆ ರೂಮ್ ದಿನದ ಬಾಡಿಗಿದು ತಮ್ಮಾ. ಬುಧವಾರ ಇಂಟರ್ವ್ಯೂ ಅಂತ ಹುಡುಗರು ಸಾಲು ನಿಂತಿದ್ರು. ಗುರುವಾರ ಅಲ್ಲಿ ಸೀರಿ ಮಾರಾಟ ಇತ್ತು” ಎಂದರು.

ತರುಣ ಹಣ ಕಟ್ಟಲಿಲ್ಲ. ಆದರೆ ಅವನ ಕೋಣೆಯ ಸ್ನೇಹಿತ ಬುಧವಾರವೇ ಕಟ್ಟಿಬಿಟ್ಟಿದ್ದನೆಂದು ಆಮೇಲೆ ತಿಳಿಯಿತು. ಅವನನ್ನು ಕರೆಸಿ, ಸೈಬರ್ ಅಪರಾಧಗಳ 1930 ನಂಬರಿಗೆ ಅಲ್ಲಿಂದಲೇ ಫೋನು ಮಾಡಿಸಿ ದೂರು ಬರೆಸಿದೆವು. ಹಣ ಹೋದ ಗಂಟೆಯೊಳಗೆ ಹೇಳಿದರೆ ಅದು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆಯಿರುತ್ತದೆ. ಮೂರು ದಿನ ಕಳೆದಿದ್ದವು. ಈವರೆಗೆ ಅವನಿಗೆ ಹಣ ಬಂದಿಲ್ಲ. ನಾಲ್ಕು ತಿಂಗಳು ಊರಿಗೆ ಹಣ ಕಳಿಸದೆ ಸಾಲ ತೀರಿಸಿದನು.

ವಾಚನಾಲಯದ ಹಳೆಯ ಕಂಪ್ಯೂಟರು ಮಂಗಳವಾರ ಮತ್ತು ಶನಿವಾರ ಸಂಜೆ 7ರಿಂದ 9ರವರೆಗೆ ಇಂಥ ಕೆಲಸಕ್ಕೆ ತೆರೆದಿರುತ್ತದೆ. ನಮ್ಮಲ್ಲಿ ಯಾರಾದರೊಬ್ಬರು ಇರುತ್ತೇವೆ. ನೇಮಕದ ಪತ್ರ, ಸಂಬಳದ ಚೀಟಿ ಅಥವಾ ಬಿಲ್ಲನ್ನು ತನ್ನಿರಿ. ಆಧಾರ್ ಕಾರ್ಡು ಬೇಕಾಗಿಲ್ಲ. ಮೊಬೈಲಿಗೆ ಬರುವ ಒಟಿಪಿಯನ್ನು ನಮಗೂ ಹೇಳಬೇಡಿರಿ.